ಕುಮಟಾ ಸಿಗದಿದ್ದರೆ ‘ಕೂಂಪ್ಟಾ’ ಹುಡುಕಿ: ಉತ್ತರ ಕನ್ನಡದ ಹಳೇ ದಾಖಲೆಗಳಿಗೆ ಆನ್‌ಲೈನ್ ದಾರಿ

ಊರ ಇತಿಹಾಸ ಬರೆಯಲು ಹೊರಟವರು, ಅಜ್ಜನ ಕಾಲದ ಜಮೀನಿನ ಜಾಡು ಹಿಡಿದವರು, ಶಾಲೆಯ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರುವವರು, ಎಲ್ಲರದ್ದೂ ಒಂದೇ ಗೋಳು: ‘ಆನ್‌ಲೈನಿನಲ್ಲಿ ನಮ್ಮೂರ ಬಗ್ಗೆ ಏನೂ ಇಲ್ಲ.’ ಹಾಗೇನಿಲ್ಲ. ಕಾರವಾರ, ಅಂಕೋಲಾ, ಶಿರಸಿ ಕಡೆಯ ಕಾಗದಪತ್ರ ಬೇಕಾದಷ್ಟಿದೆ. ಆದರೆ ಅದು ಪರವೂರಿನ ಕಪಾಟುಗಳಲ್ಲಿದೆ, ಅದೂ ನಮಗೆ ಗುರುತು ಸಿಗದ ಹೆಸರುಗಳಲ್ಲಿ. ಈ ಎರಡು ಗಂಟು ಬಿಚ್ಚಿಕೊಂಡರೆ ಉಳಿದದ್ದು ತಾಳ್ಮೆಯ ಕೆಲಸ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ಯಾಟಲಾಗ್ ಅಂದರೆ ದಾಖಲೆಯಲ್ಲ, ದಾಖಲೆಗಳ ಪಟ್ಟಿ. ಇನ್ನೂರು ಪುಟದ ಕಡತಕ್ಕೆ ಅಲ್ಲಿ ಒಂದೇ ಸಾಲಿನ ವಿವರ ಇರಬಹುದು. ನೀವು ಹುಡುಕು ಗುಂಡಿ ಒತ್ತಿದಾಗ ಕಂಪ್ಯೂಟರ್ ನೋಡುವುದು ಆ ಒಂದು ಸಾಲನ್ನು ಮಾತ್ರ. ಕಡತದ ಒಳಗೆ ನಿಮ್ಮೂರ ಹೆಸರು ಹತ್ತು ಸಲ ಬಂದಿದ್ದರೂ ಆ ಸಾಲಿನಲ್ಲಿ ಇಲ್ಲದಿದ್ದರೆ ಫಲಿತಾಂಶ ಸೊನ್ನೆ. ಹಾಗಾಗಿ ಹಳ್ಳಿಯ ಹೆಸರಿಗೆ ಏನೂ ಬಾರದಿದ್ದರೆ ತಾಲ್ಲೂಕು ಹಾಕಿ, ತಾಲ್ಲೂಕಿಗೂ ಬಾರದಿದ್ದರೆ ಜಿಲ್ಲೆ ಹಾಕಿ. ಮೇಲಿನಿಂದ ಹಿಡಿದು ಕೆಳಗಿಳಿಯುವುದೇ ಇಲ್ಲಿನ ಪದ್ಧತಿ.

ಹಂತ 1: ಪ್ರಶ್ನೆ, ಜಾಗ, ಕಾಲ

‘ನಮ್ಮೂರ ಇತಿಹಾಸ’ ಅಂತ ಹುಡುಕಲು ಕೂತರೆ ಸಂಜೆಯವರೆಗೂ ಸುಮ್ನೆ ಸ್ಕ್ರೋಲ್ ಮಾಡುವುದೇ ಆಗುತ್ತದೆ. ಒಂದು ಚೀಟಿಯಲ್ಲಿ ಮೂರೇ ವಿಷಯ ಬರೆದುಕೊಳ್ಳಿ: ಏನು, ಎಲ್ಲಿ, ಸುಮಾರು ಯಾವಾಗ. ‘ಸಾಣಿಕಟ್ಟಾ ಉಪ್ಪಿನಾಗರ, ಗೋಕರ್ಣದ ಹತ್ತಿರ, 1900ರ ಆಸುಪಾಸು’ ಅಂದರೆ ಸಾಕು. ವರ್ಷ ಖಚಿತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ದಶಕವಾದರೂ ಇರಲಿ. ಮುಂದಿನ ಹಂತ ಪೂರ್ತಿ ನಿಂತಿರುವುದು ಆ ಕಾಲದ ಮೇಲೆಯೇ.

ಹಂತ 2: ಆಗ ನಮ್ಮನ್ನು ಆಳುತ್ತಿದ್ದವರು ಯಾರು?

ಹೆಚ್ಚಿನವರು ಎಡವುವುದು ಇಲ್ಲೇ. ಶಿರಸಿ ಕರ್ನಾಟಕದಲ್ಲಿದೆ, ಆದ್ದರಿಂದ ದಾಖಲೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರಬೇಕು ಎಂದುಕೊಳ್ಳುತ್ತಾರೆ. ಆದರೆ ನಮ್ಮ ಜಿಲ್ಲೆ ಕೈಯಿಂದ ಕೈಗೆ ದಾಟಿ ಬಂದದ್ದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಇಡಿಯಾಗಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಮುಂದೆ ಅದು ಉತ್ತರ, ದಕ್ಷಿಣ ಎಂದು ಎರಡಾಯಿತು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರ ನವೆಂಬರ್ 1ರ ತನಕ ನಮ್ಮ ಫೈಲುಗಳೆಲ್ಲ ಓಡಾಡಿದ್ದು ಮುಂಬಯಿಗೆ. ಆಮೇಲೆ ಮೈಸೂರು ರಾಜ್ಯ, 1973ರಿಂದ ಅದೇ ಕರ್ನಾಟಕ.

ಅಂದರೆ 1820ರ ಅಂಕೋಲೆಯ ಕಂದಾಯದ ಕಾಗದ ಬೇಕಿದ್ದರೆ ನೋಡಬೇಕಾದದ್ದು ಚೆನ್ನೈನ ತಮಿಳುನಾಡು ಪತ್ರಾಗಾರದ (ಆರ್ಕೈವ್ಸ್) ಪಟ್ಟಿ. 1900ರ ಶಿರಸಿಯ ಅರಣ್ಯದ ಕಾಗದಕ್ಕೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರ. 1960ರ ವಿಷಯವಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಬ್ರಿಟಿಷರ ಕಾಲದ ಪ್ರಮುಖ ವ್ಯವಹಾರಗಳ ಪ್ರತಿ ಲಂಡನ್ನಿಗೂ ಹೋಗಿದೆ. ಅದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಲಂಡನ್ನಿನಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಕಚೇರಿ) ದಾಖಲೆಗಳಲ್ಲಿ ಕೂತಿದೆ. ಕೇಂದ್ರ ಸರ್ಕಾರದ ತನಕ ಹೋದದ್ದು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ.

1799ಕ್ಕಿಂತ ಹಿಂದಿನದು ಇನ್ನೂ ಚದುರಿದೆ. ಕಾರವಾರದಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಠಾಣೆ, ಶುರುವಾದದ್ದು 1638ರಲ್ಲಿ, ಕೋರ್ಟೀನ್ ಅವರ ವ್ಯಾಪಾರಿ ಕೂಟದಿಂದ. ಆ ಕಾಲದ ಪತ್ರಗಳು ಸೂರತ್, ಬಾಂಬೆ ಕೋಠಿಗಳ ಕಾಗದದ ನಡುವೆ ಬೆರೆತಿವೆ. ಸೋಂದಾ ಅರಸರು ಹೈದರನ ದಾಳಿಯ ನಂತರ ಗೋವಾಕ್ಕೆ ಹೋಗಿ ನೆಲೆಸಿದರು. ಹಾಗಾಗಿ ಅವರ ಕತೆಯ ಉತ್ತರಾರ್ಧ ಪೋರ್ಚುಗೀಸ್ ಕಾಗದಗಳಲ್ಲಿ, ಪಣಜಿಯ ಪತ್ರಾಗಾರದ ಕಡೆ ಇದೆ. ಶಿರಸಿಯಿಂದ ಸೋಂದಾಕ್ಕೆ ಅರ್ಧ ಗಂಟೆಯ ದಾರಿ. ಅಲ್ಲಿನ ಅರಸರ ಕಾಗದಕ್ಕೆ ಮಾತ್ರ ಗಡಿ ದಾಟಬೇಕು!

ಶಾಸನಗಳದ್ದೂ ಇದೇ ಹಣೆಬರಹ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಬನವಾಸಿ, ಭಟ್ಕಳದ ಕಲ್ಲುಗಳನ್ನು ಹುಡುಕಿ ಬೇಸತ್ತವರಿದ್ದಾರೆ. ಆ ಮಾಲೆ ಹಳೇ ಮೈಸೂರು ಸೀಮೆ ಮತ್ತು ಕೊಡಗಿನದ್ದು. ನಮ್ಮ ಕಡೆಯವಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ‘ಬಾಂಬೆ-ಕರ್ನಾಟಕ್’ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ತಂದ ಶಾಸನ ಸಂಪುಟಗಳು, ಎಪಿಗ್ರಾಫಿಯಾ ಇಂಡಿಕಾ, ಇವುಗಳನ್ನು ನೋಡಿ.

ಎರಡು ಕಡೆಯೂ ಹುಡುಕಬೇಕಾದ ವಿಷಯಗಳಿವೆ. ಜೋಗ ಜಲಪಾತ ಮೈಸೂರು ಸಂಸ್ಥಾನ ಮತ್ತು ಮುಂಬಯಿ ಪ್ರಾಂತ್ಯದ ಗಡಿಯ ಮೇಲೆ ಇತ್ತು. ಶರಾವತಿಯ ವಿದ್ಯುತ್ತಿನ ಮಾತು ಬಂದಾಗ ಇಬ್ಬರೂ ಕೂತು ಮಾತಾಡಬೇಕಾಯಿತು. ಹಾಗಾಗಿ ಅದರ ಕಾಗದ ಎರಡು ಕಡೆ ಇರುವುದು ಸಹಜ.

ಜಿಲ್ಲೆಯ ಒಳಗಿನ ಗಡಿಗಳನ್ನೂ ನೆನಪಿಡಿ. ಭಟ್ಕಳ ಹಿಂದೆ ಹೊನ್ನಾವರ ತಾಲ್ಲೂಕಿನ ಪೇಟಾ (ಉಪವಿಭಾಗ) ಆಗಿತ್ತು, ಮುಂಡಗೋಡ ಯಲ್ಲಾಪುರದ ಪೇಟಾ. ಜೋಯಿಡಾ ತಾಲ್ಲೂಕಿನ ಹಳೇ ಹೆಸರು ಸೂಪಾ. ಸೂಪಾ ಊರು ಅಣೆಕಟ್ಟಿನ ನೀರಿನಡಿ ಹೋಗಿದೆ, ದಾಖಲೆಯಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿ ಕೂತಿದೆ. ಜೋಯಿಡಾ ಎಂದು ಹುಡುಕಿದರೆ ಬ್ರಿಟಿಷರ ಕಾಲದ್ದು ಸಿಗುವುದು ಕಷ್ಟ.

ಹಂತ 3: ಹೆಸರಿನ ಪಟ್ಟಿ ಮಾಡಿಕೊಳ್ಳಿ

ಕಂಪ್ಯೂಟರಿಗೆ ಊರು ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಬ್ರಿಟಿಷ್ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದರು. ಕ್ಯಾಟಲಾಗ್ ಮಾಡಿದವರು ಅದನ್ನು ಹಾಗೇ ಇಳಿಸಿಕೊಂಡರು. ಆದ್ದರಿಂದ ಹುಡುಕುವ ಮೊದಲು ನಿಮ್ಮೂರಿನ ಇಂಗ್ಲಿಷ್ ಕಾಗುಣಿತಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ.

ಕಾರವಾರಕ್ಕೆ ಕೆ ಬದಲು ಸಿ ಹಾಕಿ ನೋಡಿ, ಸಿ-ಎ-ಆರ್-ಡಬ್ಲ್ಯು-ಎ-ಆರ್. ಕಂಪನಿ ಕಾಲದ ಕಾಗದಗಳಲ್ಲಿ ಅದೇ ಜಾಸ್ತಿ. ಜಿಲ್ಲೆಯ ಹೆಸರೂ ಹಾಗೆಯೇ: ಮದ್ರಾಸ್ ಕಾಲಕ್ಕೆ ಸಿ ಇಂದ ಶುರುವಾಗುವ ‘ಕೆನರಾ’, ಮುಂಬಯಿ ಕಾಲಕ್ಕೆ ಕೆ ಇಂದ. ಮುಂಬಯಿಯವರು ಎಷ್ಟೋ ಕಡೆ ‘ನಾರ್ತ್’ ಎಂಬ ಪದವನ್ನೇ ಬಿಟ್ಟು ಬರೀ ಕೆನರಾ ಎಂದು ಬರೆದಿದ್ದಾರೆ, ಅವರ ಪಾಲಿಗೆ ಇದ್ದದ್ದು ಒಂದೇ ಕೆನರಾ ಅಲ್ವಾ? ‘ಉತ್ತರ ಕನ್ನಡ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಇತ್ತೀಚಿನ ದಶಕಗಳದ್ದಷ್ಟೇ ಬರುತ್ತದೆ.

ಹೊನ್ನಾವರ ‘ಓನೋರ್’ ಆಗಿದೆ, ಓ-ಎನ್-ಓ-ಆರ್-ಇ. ಮುಂದೊಂದು ಎಚ್ ಸೇರಿಸಿಯೂ ಬರೆಯುತ್ತಿದ್ದರು. ಇಲ್ಲಿ ಒಂದು ಅವಾಂತರ ಇದೆ. ಓನೋರ್ ಅಂದರೆ ಇಟಾಲಿಯನ್ ಭಾಷೆಯಲ್ಲಿ ಗೌರವ. ಎಚ್ ಸೇರಿಸಿದರೆ ಫ್ರೆಂಚರ ಹೆಸರು. ಬರೀ ಅಷ್ಟೇ ಹಾಕಿದರೆ ಫ್ರೆಂಚ್ ಲೇಖಕ ಓನೋರೆ ದ ಬಾಲ್ಜಾಕ್ ಸಾಹೇಬರ ಕಾದಂಬರಿಗಳೆಲ್ಲ ಬಂದು ಮುಂದೆ ಕೂರುತ್ತವೆ. ಜೊತೆಗೆ ‘ಕೆನರಾ’ ಅಥವಾ ‘ಮಲಬಾರ್’ ಸೇರಿಸಿದರೆ ಆ ಗದ್ದಲ ಇಳಿಯುತ್ತದೆ.

ಸೋಂದಾಕ್ಕೂ ಇಂಥದ್ದೇ ಕಾಟ. ಇಂಗ್ಲಿಷರು ಎಸ್ ನಂತರ ಎರಡು ಓ ಹಾಕಿ ‘ಸೂಂದಾ’ ಎಂದರು, ಪೋರ್ಚುಗೀಸರು ‘ಸುಂದಾ’ ಎಂದರು. ಸುಂದಾ ಎಂದು ಹುಡುಕಿದರೆ ಇಂಡೋನೇಷ್ಯಾದ ಸುಂದಾ ಜಲಸಂಧಿ, ಜಾವಾ ದ್ವೀಪ ಎಲ್ಲ ಬರುತ್ತದೆ. ‘ರಾಜಾ’, ‘ಗೋವಾ’ ಎಂಬ ಪದ ಸೇರಿಸಿ. ಪೋರ್ಚುಗೀಸ್ ಕ್ಯಾಟಲಾಗಿನಲ್ಲಾದರೆ ‘ರೇಯ್ ದ ಸುಂದಾ’ ಅಂದರೆ ಸೋಂದೆಯ ಅರಸ.

ಉಳಿದವಕ್ಕೆ ಒಂದು ಅಂದಾಜು ಸೂತ್ರ ಸಾಕು. ಹ್ರಸ್ವ ಉಕಾರವಿದ್ದಲ್ಲಿ ಡಬಲ್ ಓ ಹಾಕಿ ನೋಡಿ. ‘ಪುರ’ ಎಂಬುದು ಪಿ-ಓ-ಓ-ಆರ್ ಆಗಿರುತ್ತದೆ, ಯಲ್ಲಾಪುರ, ಸಿದ್ದಾಪುರ ಎರಡಕ್ಕೂ. ಶಿರಸಿಯ ಕೊನೆಗೆ ಐ, ವೈ, ಡಬಲ್ ಇ ಮೂರೂ ಪ್ರಯತ್ನಿಸಿ. ‘ಘಾಟ್’ ಪದದ ನಡುವೆ ಒಂದು ಯು ಸೇರಿಸಿ. ಗೇರುಸೊಪ್ಪೆಗೆ ಜಿ-ಎ-ಐ-ಆರ್ ಮತ್ತು ಜಿ-ಇ-ಆರ್ ಎರಡೂ ಇವೆ. ಜೋಗ ಬೇಕಿದ್ದರೂ ಗೇರುಸೊಪ್ಪೆ ಜಲಪಾತ ಎಂದೇ ಹುಡುಕಬೇಕು. ತದಡಿ ಇಂಗ್ಲಿಷಿನಲ್ಲಿ ‘ತದ್ರಿ’ ಆಗಿದೆ, ಬೈತಖೋಲ ‘ಬೇತ್‌ಕುಲ್’.

ಕಾರವಾರ ಬಂದರಿನ ಬೆನ್ನು ಹತ್ತಿದವರಿಗೆ ಒಂದು ಕಿವಿಮಾತು. 1850, 60ರ ದಶಕದಲ್ಲಿ ಇಲ್ಲಿ ದೊಡ್ಡ ಬಂದರು ಮಾಡಿ ಧಾರವಾಡದ ಹತ್ತಿ ಸಾಗಿಸಬೇಕೆಂದು ಇಂಗ್ಲೆಂಡಿನ ಗಿರಣಿಯವರು ಬಹಳ ಒತ್ತಡ ಹಾಕಿದ್ದರು. ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದರ ಹಿಂದೆಯೂ ಈ ಬಂದರಿನ ಮಾತಿತ್ತು. ಆದರೆ ಆ ಕಾಗದಗಳಲ್ಲಿ ‘ಕಾರವಾರ ಬಂದರು’ ಎಂಬುದು ಕಮ್ಮಿ. ಅವರು ಬರೆದದ್ದು ಸದಾಶಿವಗಡದ ಹೆಸರಿನಲ್ಲಿ, ಅದೂ ‘ಸೆಡಾಶೆಗರ್’ ಎಂದು: ಎಸ್-ಇ-ಡಿ-ಎ-ಎಸ್-ಎಚ್-ಇ-ಜಿ-ಯು-ಆರ್. ಇದೊಂದು ಪದ ಗೊತ್ತಿದ್ದರೆ ಒಂದು ದೊಡ್ಡ ಬಾಗಿಲೇ ತೆರೆಯುತ್ತದೆ.

ಜಾತಿ, ಸಮುದಾಯಗಳ ಹೆಸರೂ ಹೀಗೇ. 1883ರಲ್ಲಿ ಬಂದ ಬಾಂಬೆ ಗೆಜೆಟಿಯರಿನ 15ನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದು, ಎರಡು ಭಾಗಗಳಲ್ಲಿದೆ, ಸಂಪಾದಕರು ಜೇಮ್ಸ್ ಕ್ಯಾಂಪ್‌ಬೆಲ್. ಅದರಲ್ಲಿ ಹವ್ಯಕರು ‘ಹವಿಗ್’ ಆಗಿದ್ದಾರೆ, ಹಾಲಕ್ಕಿಗಳು ‘ಹಾಲ್ವಕ್ಕಿ ವಕ್ಕಲ್’ ಆಗಿದ್ದಾರೆ. ನಿಮ್ಮ ಕಾಗುಣಿತದ ಪಟ್ಟಿಯನ್ನು ಈ ಗೆಜೆಟಿಯರಿನ ಸೂಚಿಯಿಂದಲೇ ಶುರು ಮಾಡುವುದು ಒಳ್ಳೆಯದು. ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಹಂತ 4: ಕುಮಟಾ ಬಂದರಿನ ಮೇಲೆ ಪ್ರಯೋಗ

ಮಾತಿನಲ್ಲಿ ಹೇಳಿದರೆ ಅರ್ಥವಾಗುವುದಕ್ಕಿಂತ ಒಂದು ಹುಡುಕಾಟ ಮಾಡಿ ನೋಡುವುದೇ ಲೇಸು. ಕುಮಟಾ ಹಿಂದೆ ಹತ್ತಿ ಸಾಗಿಸುವ ದೊಡ್ಡ ಬಂದರು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಘಟ್ಟ ಇಳಿದು ಇಲ್ಲಿಗೆ ಬಂದು ಮುಂಬಯಿಗೆ ಹಡಗು ಹತ್ತುತ್ತಿತ್ತು. ಆ ಬಂದರಿನ ಕತೆ ಬೇಕು ಎಂದಿಟ್ಟುಕೊಳ್ಳಿ.

ಈಗಿನ ಕಾಗುಣಿತ ಹಾಕಿದರೆ ಬರುವುದು ಈಚಿನ ಪುಸ್ತಕ, ಜನಗಣತಿ, ಒಂದಿಷ್ಟು ಸಂಬಂಧವಿಲ್ಲದ್ದು. ‘ಕೂಂಪ್ಟಾ’ ಹಾಕಿ, ಸಿ-ಓ-ಓ-ಎಂ-ಪಿ-ಟಿ-ಎ. ಈಗ ತೆರೆ ತುಂಬ ಬರುತ್ತದೆ. ಆದರೆ ಖುಷಿಪಡಲು ಅವಸರ ಬೇಡ. ಈ ಬಂದರಿನಿಂದ ಹೋಗುತ್ತಿದ್ದ ಕಾರಣಕ್ಕೆ ಧಾರವಾಡದ ಹತ್ತಿಯ ಒಂದು ತಳಿಗೇ ಕುಮಟಾದ ಹೆಸರು ಬಿದ್ದಿತ್ತು. ಮುಂಬಯಿ ಮಾರುಕಟ್ಟೆಯಿಂದ ಲಿವರ್‌ಪೂಲ್‌ವರೆಗೆ ವ್ಯಾಪಾರಿಗಳು ‘ಕೂಂಪ್ಟಾ’ ಅಂದರೆ ಹತ್ತಿ ಎಂದೇ ತಿಳಿಯುತ್ತಿದ್ದರು. ಮುಂದೆ ಕೆ-ಯು-ಎಂ-ಪಿ-ಟಿ-ಎ ಎಂಬ ಕಾಗುಣಿತದಲ್ಲಿ ಅದೇ ತಳಿಯ ಹೆಸರು ಕೃಷಿ ವರದಿಗಳಲ್ಲಿ ಬಹಳ ಕಾಲ ಉಳಿಯಿತು. ಹಾಗಾಗಿ ನಿಮಗೆ ಸಿಕ್ಕಿದ್ದರಲ್ಲಿ ಬಹುಪಾಲು ಊರಿನದಲ್ಲ, ಗಿಡದ್ದು.

ಇಲ್ಲಿ ಎರಡನೇ ಪದ ಬೇಕು. ಬಂದರಿಗೆ ಇಂಗ್ಲಿಷ್ ಪದ ಹಾಕಿ, ಜೊತೆಗೆ ‘ಬಂದರ್’ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಯು ಇಟ್ಟು ಹಾಕಿ, ಆ ಕಾಲದವರು ಹಾಗೆಯೇ ಬರೆಯುತ್ತಿದ್ದರು. ‘ಸ್ಟೀಮರ್’, ‘ಘಾಟ್’, ‘ರೋಡ್’, ‘ಕಸ್ಟಮ್ಸ್’ ಒಂದೊಂದಾಗಿ ಸೇರಿಸಿ ನೋಡಿ. ಅರಬೈಲು, ದೇವಿಮನೆ ಘಟ್ಟಗಳ ಹೆಸರನ್ನೂ ಹಾಕಿ, ಯಾಕೆಂದರೆ ಬಂದರಿಗಿಂತ ಬಂದರಿನ ರಸ್ತೆಗೆ ಖರ್ಚಾದ ಕಾಗದವೇ ಜಾಸ್ತಿ. ಆಮೇಲೆ ವರ್ಷದ ಸೋಸುಪಟ್ಟಿಗೆ (ಫಿಲ್ಟರ್) ಹೋಗಿ 1840ರಿಂದ 1880 ಎಂದು ಕಟ್ಟುಹಾಕಿ. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ನಿಂತುಹೋಗಿ ನಮ್ಮ ಹತ್ತಿಗೆ ಬೆಲೆ ಗಗನಕ್ಕೇರಿತ್ತು. ಆ ಐದು ವರ್ಷವನ್ನು ಬೇರೆಯಾಗಿ ಹುಡುಕಿದರೆ ಫಲ ಜಾಸ್ತಿ.

ಹೆಚ್ಚಿನ ತಾಣಗಳಲ್ಲಿ ಕೆಲವು ಚಿಹ್ನೆಗಳು ನೆರವಿಗೆ ಬರುತ್ತವೆ. ಎರಡು ಪದ ಜೊತೆಯಲ್ಲೇ ಬರಬೇಕು ಅಂದರೆ ಅವಕ್ಕೆ ಉದ್ಧರಣ ಚಿಹ್ನೆ ಹಾಕಿ. ಪದದ ಬಾಲ ಏನೇ ಇರಲಿ ಅಂದರೆ ನಕ್ಷತ್ರ ಚಿಹ್ನೆ (*) ಹಾಕಿ. ಶಿರಸಿಯ ಎಸ್-ಐ-ಆರ್-ಎಸ್ ಆದ ಮೇಲೆ ನಕ್ಷತ್ರ ಇಟ್ಟರೆ ಐ ಕೊನೆಯದೂ ಡಬಲ್ ಇ ಕೊನೆಯದೂ ಒಟ್ಟಿಗೆ ಬರುತ್ತವೆ. ಎಲ್ಲ ತಾಣಕ್ಕೂ ನಕ್ಷತ್ರ ತಿಳಿಯುವುದಿಲ್ಲ, ಸಹಾಯ ಪುಟ ಒಮ್ಮೆ ಓದಿ. ಬೇಡದ ಪದವನ್ನು ಕಳೆಯುವ ಸೌಲಭ್ಯವೂ ಇರುತ್ತದೆ. ಕುಮಟಾದ ಮೇಲಿನ ಹುಡುಕಾಟದಲ್ಲಿ ‘ಹತ್ತಿ’ಯನ್ನು ಕಳೆಯಲು ಮಾತ್ರ ಹೋಗಬೇಡಿ, ಬಂದರಿನ ಕಾಗದವೂ ಜೊತೆಗೇ ಕೊಚ್ಚಿಹೋಗುತ್ತದೆ.

ಹಂತ 5: ಸರ್ಕಾರದ ಬಾಯಲ್ಲಿ ಆ ವಿಷಯಕ್ಕೆ ಏನೆಂದು ಕರೆಯುತ್ತಿದ್ದರು?

ಊರಿನ ಹೆಸರು ಸರಿಯಾದರೂ ವಿಷಯದ ಪದ ತಪ್ಪಿದರೆ ಮತ್ತೆ ಸೊನ್ನೆ. ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು, ಆಮೇಲೆ ಅಂಕೋಲಾ, ಸಿದ್ದಾಪುರ ಕಡೆ ಕರನಿರಾಕರಣೆ ನಡೆಯಿತು, ರೈತರು ಮನೆ ಜಮೀನು ಕಳೆದುಕೊಂಡರು. ನಮಗೆ ಅದು ಹೋರಾಟ. ಫೈಲಿನಲ್ಲಿ ಅದು ‘ಕಾಯ್ದೆಭಂಗ ಚಳವಳಿ’, ‘ಉಪ್ಪಿನ ಕಾಯ್ದೆ ಉಲ್ಲಂಘನೆ’, ‘ನೋ ಟ್ಯಾಕ್ಸ್ ಕ್ಯಾಂಪೇನ್’, ‘ಜಮೀನು ಜಪ್ತಿ’. ಇವುಗಳ ಇಂಗ್ಲಿಷ್ ರೂಪ ಹಾಕಿ ಹುಡುಕಿ. ರಾಷ್ಟ್ರೀಯ ಪತ್ರಾಗಾರದಲ್ಲಿ ಗೃಹ ಇಲಾಖೆಯ ರಾಜಕೀಯ ವಿಭಾಗ ಹಿಡಿದು, ಪ್ರಾಂತ್ಯಗಳಿಂದ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದ ವರದಿಗಳನ್ನು ತೆಗೆಯಿರಿ. ಮುಂಬಯಿಯ ವರದಿಯಲ್ಲಿ ನಮ್ಮ ಜಿಲ್ಲೆಗೆ ಎರಡು ಸಾಲಾದರೂ ಇರುತ್ತದೆ. ಆ ಫೈಲಿನ ಹೆಸರಿನಲ್ಲಿ ಅಂಕೋಲಾ ಇರುವುದಿಲ್ಲ. 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಿಯಾದ ಜಮೀನು ವಾಪಸ್ ಕೊಡಿಸುವ ವ್ಯವಹಾರ ಶುರುವಾಯಿತು. ಅದಕ್ಕೆ ‘ಜಪ್ತಿ ಜಮೀನುಗಳ ಮರುಸ್ಥಾಪನೆ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಹಾಕಿ. ಇನ್ನೊಂದು ಸೂಕ್ಷ್ಮ: ಆ ಕಾಲದಲ್ಲಿ ‘ಕರ್ನಾಟಕ’ ಪದವನ್ನು ಇಂಗ್ಲಿಷಿನಲ್ಲಿ ಕೊನೆಯ ಎ ಬಿಟ್ಟು ‘ಕರ್ನಾಟಕ್’ ಎಂದೇ ಬರೆಯುತ್ತಿದ್ದರು.

ಘಟ್ಟದ ಮೇಲಿನವರಿಗೆ ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ ಜಗಳ ಗೊತ್ತೇ ಇದೆ. ಅದಕ್ಕೆ ‘ಬೆಟ್ಟ’ ಎಂಬ ನಮ್ಮ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ಅಧಿಕಾರಿಗಳೂ ಅದನ್ನೇ ಬಳಸಿದ್ದಾರೆ. ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯಕ್ಕೆ ‘ಕುಮ್ರಿ’. ಜೊತೆಗೆ ‘ಫಾರೆಸ್ಟ್ ಪ್ರಿವಿಲೇಜಸ್’, ‘ಫಾರೆಸ್ಟ್ ಸೆಟ್ಲ್‌ಮೆಂಟ್’. ಕರಾವಳಿಯ ಉಪ್ಪುನೀರ ಗದ್ದೆಗೆ ‘ಗಜನಿ’ ಅಥವಾ ‘ಖಾರ್ ಲ್ಯಾಂಡ್’, ಅಲ್ಲಿ ಬೆಳೆಯುವ ಭತ್ತಕ್ಕೆ ‘ಕಗ್ಗ’. ‘ಗಜನಿ’, ‘ಕಗ್ಗ’ದಂಥ ಊರ ಪದಗಳ ದೊಡ್ಡ ಅನುಕೂಲ ಎಂದರೆ ಇವು ಬೇರೆ ಕಡೆ ಬಳಕೆಯಲ್ಲಿ ಕಮ್ಮಿ. ಹುಡುಕಿದರೆ ಹೆಚ್ಚಾಗಿ ನಮ್ಮ ಸೀಮೆಗೇ ಬಂದು ನಿಲ್ಲುತ್ತವೆ.

ತಾಲ್ಲೂಕಿನ ಕೃಷಿ, ಕಂದಾಯ, ಹಳ್ಳಿಗಳ ಸ್ಥಿತಿ ಬೇಕಿದ್ದರೆ ‘ಸರ್ವೆ ಸೆಟ್ಲ್‌ಮೆಂಟ್’ (ಜಮೀನು ಅಳೆದು ಕಂದಾಯ ಗೊತ್ತುಮಾಡಿದ) ವರದಿಗಳನ್ನು ಬಿಡಬೇಡಿ. ಬಾಂಬೆ ಸರ್ಕಾರ ತನ್ನ ದಾಖಲೆಗಳ ಆಯ್ಕೆ ಮಾಲೆಯಲ್ಲಿ ತಾಲ್ಲೂಕುವಾರು ಇವನ್ನು ಅಚ್ಚು ಹಾಕಿಸಿತ್ತು. ಅಲ್ಲಿ ಜಿಲ್ಲೆಗೆ ‘ಕೆನರಾ ಕಲೆಕ್ಟರೇಟ್’ ಎಂಬ ಹೆಸರೂ ಇರುತ್ತದೆ.

ವ್ಯಕ್ತಿಗಳ ಬೆನ್ನು ಹತ್ತುವಾಗ ಹೆಸರಿಗಿಂತ ಹುದ್ದೆ ಹುಡುಕುವುದು ವಾಸಿ. ರವೀಂದ್ರನಾಥ ಟಾಗೋರರು ತಾರುಣ್ಯದಲ್ಲಿ ಕಾರವಾರಕ್ಕೆ ಬಂದದ್ದು, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು ಎಂಬ ಕಾರಣಕ್ಕೆ. ಅಣ್ಣನ ಹೆಸರು ಕೂಡಿಸಿ ಒಂದೇ ಪದವಾಗಿ ಬರೆದದ್ದೂ ಇದೆ, ಬಿಡಿಸಿ ಎರಡಾಗಿ ಬರೆದದ್ದೂ ಇದೆ. ‘ಡಿಸ್ಟ್ರಿಕ್ಟ್ ಜಡ್ಜ್, ಕೆನರಾ’ ಎಂದು ಬಾಂಬೆ ಸಿವಿಲ್ ಲಿಸ್ಟಿನಲ್ಲಿ (ಪ್ರಾಂತ್ಯದ ಅಧಿಕಾರಿಗಳ ಪಟ್ಟಿ) ನೋಡಿದರೆ ಕಾಗುಣಿತದ ಗೊಡವೆಯೇ ಇಲ್ಲ.

ಹಂತ 6: ಯಾವ ತಾಣ ಯಾವುದಕ್ಕೆ

‘ಅಭಿಲೇಖ್ ಪಟಲ್’ ರಾಷ್ಟ್ರೀಯ ಪತ್ರಾಗಾರದ ತಾಣ. ಉಚಿತವಾಗಿ ನೋಂದಣಿ ಮಾಡಿಕೊಳ್ಳಿ. ಬಹಳಷ್ಟು ಕಡತಗಳ ಚಿತ್ರವೇ ಅಲ್ಲಿದೆ, ಮನೆಯಲ್ಲೇ ಕೂತು ಓದಬಹುದು. ನನ್ನ ಮಟ್ಟಿಗೆ ಮೊದಲು ಕದ ತಟ್ಟಬೇಕಾದ ಮನೆ ಇದು.

ಇಂಟರ್ನೆಟ್ ಆರ್ಕೈವ್ ಇನ್ನೊಂದು ಬಗೆಯದು. ಅಲ್ಲಿ ಹುಡುಕಾಟದ ಪೆಟ್ಟಿಗೆಯ ಹತ್ತಿರ ಪುಸ್ತಕದ ವಿವರದಲ್ಲಿ ಹುಡುಕುವುದೋ, ಪುಸ್ತಕದ ಒಳಗಿನ ಪಠ್ಯದಲ್ಲಿ ಹುಡುಕುವುದೋ ಎಂಬ ಆಯ್ಕೆ ಇರುತ್ತದೆ. ಪಠ್ಯವನ್ನು ಆರಿಸಿ. ಸಣ್ಣ ಹಳ್ಳಿಗಳ ಹೆಸರು ಸಿಗುವುದು ಅಲ್ಲೇ. ಗೆಜೆಟಿಯರುಗಳು, ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚು ಮಾಡಿಸಿದ ಪ್ರವಾಸ ಕಥನ, ಜನಗಣತಿ ವರದಿಗಳು ಎಲ್ಲ ಇಲ್ಲಿವೆ. ಬುಕಾನನ್ ನಮ್ಮ ಕಡೆ ಓಡಾಡಿದ್ದು ಮೂರನೇ ಸಂಪುಟದಲ್ಲಿದೆ.

ಬ್ರಿಟಿಷ್ ಲೈಬ್ರರಿ 2023ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ತತ್ತರಿಸಿತ್ತು. ಹಳೇ ಲೇಖನಗಳಲ್ಲಿ ಕೊಟ್ಟ ಕೊಂಡಿಗಳು ತೆರೆಯದಿದ್ದರೆ ಗಾಬರಿ ಬೇಡ, ಕಡತದ ಸಂಖ್ಯೆ ಹಿಡಿದು ಹೊಸದಾಗಿ ಹುಡುಕಿ. ಅಲ್ಲಿನ ಇಂಡಿಯಾ ಆಫೀಸ್ ಸಂಖ್ಯೆಗಳು ‘ಐಓಆರ್’ ಇಂದ ಶುರುವಾಗುತ್ತವೆ. ಮುಂದೆ ಜಿ ಇದ್ದರೆ ಕೋಠಿಗಳ ಕಾಗದ, ಪಿ ಇದ್ದರೆ ಸರ್ಕಾರಿ ನಡಾವಳಿ, ಎಫ್ ಓರೆಗೆರೆ 4 ಇದ್ದರೆ ಬೋರ್ಡ್ಸ್ ಕಲೆಕ್ಷನ್ಸ್, ಅಂದರೆ ಕಂಪನಿಯ ಮೇಲ್ವಿಚಾರಣೆಗಿದ್ದ ಲಂಡನ್ನಿನ ಮಂಡಳಿಗೆ ಹೋದ ಕಡತಗಳು. ಮದ್ರಾಸ್ ಕಾಲದ ಕೆನರಾಕ್ಕೆ ಈ ಕೊನೆಯದು ಬಂಗಾರ. ಒಂದೊಂದು ಪ್ರಕರಣಕ್ಕೂ ಸ್ಪಷ್ಟವಾದ ಶೀರ್ಷಿಕೆ ಇರುತ್ತದೆ.

ಪತ್ರಿಕೆಗಳ ಮಾತು ಬಂದರೆ, ದೇಶಿ ಪತ್ರಿಕೆಗಳಲ್ಲಿ ಏನು ಬರುತ್ತಿದೆ ಎಂದು ಬಾಂಬೆ ಸರ್ಕಾರ ವಾರವಾರ ಇಂಗ್ಲಿಷ್ ಸಾರ ಮಾಡಿಸುತ್ತಿತ್ತು. ಮೂಲ ಪತ್ರಿಕೆ ಗೆದ್ದಲು ತಿಂದು ಹೋಗಿದ್ದರೂ ಸಾರ ಉಳಿದಿರಬಹುದು. ‘ರಿಪೋರ್ಟ್ ಆನ್ ನೇಟಿವ್ ಪೇಪರ್ಸ್’ ಎಂದು ಸೌತ್ ಏಷ್ಯಾ ಓಪನ್ ಆರ್ಕೈವ್ಸ್ ಎಂಬ ಉಚಿತ ತಾಣದಲ್ಲಿ ಹುಡುಕಿ. ಹಳೇ ಫೋಟೋ, ನಕ್ಷೆಗಳಿಗೆ ಬಾಸೆಲ್ ಮಿಶನ್ನಿನ ಆನ್‌ಲೈನ್ ಸಂಗ್ರಹವನ್ನೂ ಒಮ್ಮೆ ತಡಕಿ.

ಹಂತ 7: ಕನ್ನಡದಲ್ಲಿ ಹುಡುಕುವಾಗ

ಕನ್ನಡದ ಹಳೇ ಪುಸ್ತಕ ಹುಡುಕಲು ಕನ್ನಡದಲ್ಲೇ ಟೈಪ್ ಮಾಡಿದರೆ ಸಾಕು ಎಂದುಕೊಳ್ಳಬೇಡಿ. ಎಷ್ಟೋ ಸ್ಕ್ಯಾನ್ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಮನಸ್ಸಿಗೆ ಬಂದ ಹಾಗೆ ಹಾಕಿದ್ದಾರೆ. ವಿದೇಶಿ ಗ್ರಂಥಾಲಯಗಳಲ್ಲಿ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಇಟ್ಟು ಬರೆದಿರುತ್ತಾರೆ. ನೀವು ಗೆರೆ ಚುಕ್ಕೆ ಇಲ್ಲದೆ ಟೈಪ್ ಮಾಡಿದರೂ ಸಾಮಾನ್ಯವಾಗಿ ನಡೆಯುತ್ತದೆ.

ಕನ್ನಡ ಲಿಪಿಯಲ್ಲೂ ರೂಪ ಒಂದೇ ಅಲ್ಲ. ಶಿರಸಿ, ಶಿರ್ಸಿ, ಸಿರಸಿ. ಕಾರವಾರ, ಕಾರ್ವಾರ. ಸೋಂದಾ, ಸೋದೆ, ಸ್ವಾದಿ. ಗೇರುಸೊಪ್ಪೆ, ಗೇರಸೊಪ್ಪ. ಎಲ್ಲವನ್ನೂ ಒಂದೊಂದು ಸಲ ಹಾಕಿ. ಹಳೇ ಅಚ್ಚುಮೊಳೆಯ ಪುಸ್ತಕಗಳನ್ನು ಕಂಪ್ಯೂಟರ್ ಓದುವಾಗ ಒತ್ತಕ್ಷರಗಳಲ್ಲಿ ಬಹಳ ತಪ್ಪು ಮಾಡುತ್ತದೆ. ಹಾಗಾಗಿ ಒಳಗಿನ ಪಠ್ಯ ಹುಡುಕುವಾಗ ಒತ್ತಕ್ಷರ ಇಲ್ಲದ ಪದ ಆರಿಸಿ. ‘ಹೊನ್ನಾವರ’ಕ್ಕಿಂತ ‘ನಾವರ’ ಎಂಬ ತುಂಡು ಕೆಲವೊಮ್ಮೆ ಜಾಸ್ತಿ ಕೆಲಸ ಮಾಡುತ್ತದೆ. ಕಾರವಾರ ಕಡೆಯ ಮುಂಬಯಿ ಕಾಲದ ಬರಹಗಳಿಗೆ ದೇವನಾಗರಿಯಲ್ಲೂ ಟೈಪ್ ಮಾಡಿ ನೋಡಿ, ಮರಾಠಿಯಲ್ಲಿ ಬರೆದವರು ಕಮ್ಮಿಯಿಲ್ಲ.

ಹಂತ 8: ಸಿಕ್ಕ ಸಾಲನ್ನು ಓದುವುದು

ಅಭಿಲೇಖ್ ಪಟಲಿನ ಒಂದು ನಮೂದಿನಲ್ಲಿ ಇಲಾಖೆ, ಶಾಖೆ, ವರ್ಷ, ಪ್ರೊಸೀಡಿಂಗ್ಸ್ ಸಂಖ್ಯೆ, ಜೊತೆಗೆ ‘ಪಾರ್ಟ್ ಎ’ ಅಥವಾ ‘ಪಾರ್ಟ್ ಬಿ’ ಇರುತ್ತದೆ. ಎ ಅಂದರೆ ಸರ್ಕಾರ ಮುಖ್ಯವೆಂದು ತಿಳಿದದ್ದು, ಬಿ ಅಂದರೆ ಅಷ್ಟೇನಲ್ಲ ಎಂದು ಬದಿಗಿಟ್ಟದ್ದು. ಊರ ಇತಿಹಾಸಕ್ಕೆ ಬೇಕಾದದ್ದು ಎಷ್ಟೋ ಸಲ ಬಿ ಯಲ್ಲೇ ಇರುತ್ತದೆ, ದಾಟಿಸಬೇಡಿ. ‘ಕೆ.ಡಬ್ಲ್ಯು.’ ಎಂದು ಕಂಡರೆ ‘ಇದರ ಜೊತೆ ಇಡಿ’ ಎಂಬ ಸೂಚನೆ. ಅಧಿಕಾರಿಗಳ ಒಳಟಿಪ್ಪಣಿಗಳು ಅದರಲ್ಲಿರುತ್ತವೆ. ಮೇಲಿನ ಪತ್ರ ಒಪ್ಪವಾಗಿದ್ದರೆ ನಿಜವಾದ ವಾದವಿವಾದ ನಡೆದಿರುವುದು ಈ ಟಿಪ್ಪಣಿಗಳಲ್ಲಿ.

ಒಂದು ಒಳ್ಳೆಯ ಕಡತ ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ. ಅದರ ಹಿಂದಿನ, ಮುಂದಿನ ಸಂಖ್ಯೆಗಳನ್ನೂ ತೆರೆಯಿರಿ. ಅದೇ ತಿಂಗಳು ಅದೇ ಮೇಜಿನ ಮೇಲೆ ಹಾದುಹೋದ ಕಾಗದ ಅವು. ಪದ ಹಾಕಿ ಹುಡುಕಿದರೆ ಎಂದೂ ಬಾರದ ವಿಷಯ ಹೀಗೆ ಬದಿಯಲ್ಲಿ ಸಿಗುತ್ತದೆ.

ಹಂತ 9: ಬರೆದಿಡಿ, ಆಮೇಲೆ ಬರೆದು ಕೇಳಿ

ಸಂಸ್ಥೆ, ಕಡತದ ಪೂರ್ತಿ ಸಂಖ್ಯೆ, ವರ್ಷ, ಇಂಗ್ಲಿಷ್ ಶೀರ್ಷಿಕೆ ಇದ್ದ ಹಾಗೇ, ನೋಡಿದ ದಿನ, ಇಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲೋ ನೋಟ್‌ಬುಕ್ಕಿನಲ್ಲೋ ಹಾಕಿಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ತೆಗೆದರೆ ಆರು ತಿಂಗಳ ನಂತರ ಅದು ಯಾವ ತಾಣದ್ದೆಂದೇ ತಿಳಿಯುವುದಿಲ್ಲ. ಯಾವ ಕಾಗುಣಿತಕ್ಕೆ ಏನೂ ಸಿಗಲಿಲ್ಲ ಎಂಬುದನ್ನೂ ಗುರುತು ಮಾಡಿ, ಮತ್ತೆ ಅದನ್ನೇ ಹುಡುಕುವುದು ತಪ್ಪುತ್ತದೆ. ಸ್ಮರಣ ಸಂಚಿಕೆಯಲ್ಲಿ ಹಾಕುವುದಾದರೆ ಹಕ್ಕುಸ್ವಾಮ್ಯ ನೋಡಿಕೊಳ್ಳಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಸರ್ಕಾರಿ ಪ್ರಕಟಣೆಗಾದರೆ ಪ್ರಕಟವಾದ ಮೇಲೆ 60 ವರ್ಷ.

ಆನ್‌ಲೈನಿನಲ್ಲಿ ಪಟ್ಟಿ ಮಾತ್ರ ಇದ್ದು ಚಿತ್ರ ಇಲ್ಲದಿದ್ದರೆ ಪತ್ರಾಗಾರಕ್ಕೆ ಮೇಲ್ ಹಾಕಿ. ‘ನಮ್ಮೂರ ಬಗ್ಗೆ ಇರುವುದೆಲ್ಲ ಕಳಿಸಿ’ ಎಂದು ಬರೆದರೆ ಉತ್ತರ ಬರುವುದಿಲ್ಲ. ಸಂಖ್ಯೆ, ವರ್ಷ, ಶೀರ್ಷಿಕೆ ಕೊಟ್ಟು ಎಷ್ಟು ಪುಟವಿದೆ, ಸ್ಕ್ಯಾನಿಗೆ ಎಷ್ಟು ಶುಲ್ಕ, ಯಾವ ಗುರುತಿನ ಪತ್ರ ಬೇಕು, ಈ ಮೂರನ್ನು ಕೇಳಿ. ಮುಂಬಯಿಗೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಯುವುದು ಅನುಕೂಲ.

ಹಳ್ಳಿ ಮಟ್ಟದ ಹಕ್ಕುಪತ್ರ, ಫೋಡಿ (ಸರ್ವೆ ನಂಬರ್ ಭಾಗ ಮಾಡಿದ ಕಾಗದ), ಹಳೇ ಪಹಣಿಯಂಥವು ಈ ಯಾವ ಕ್ಯಾಟಲಾಗಿಗೂ ಬಂದಿರುವುದಿಲ್ಲ. ಅವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಕೆಲವು ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಇರುತ್ತವೆ. ಹೋಗುವಾಗ ಈಗಿನ ಸರ್ವೆ ನಂಬರಿನ ಜೊತೆ ಹಳೇ ನಂಬರೂ ಇಟ್ಟುಕೊಂಡಿರಿ, ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.